ಕಾಣುವ ಗಾಜು, ಕಾಣದ ಸ್ಪ್ರಿಂಗು

ಅಮೆರಿಕದ ಆರೆಗನ್ ರಾಜ್ಯದ ಲ್ಯೂಪೋಲ್ಡ್ ಕಂಪನಿ 1907ರಲ್ಲಿ ಶುರುವಾದಾಗ ಅದರ ಕಸುಬು ಸರ್ವೆಯವರ ಉಪಕರಣಗಳ ರಿಪೇರಿ. ಅದು ಬೇಟೆಗಾರರ ಕಂಪನಿಯಾದದ್ದು ಹೇಗೆ ಎನ್ನುವುದಕ್ಕೆ ಅವರೇ ಹೇಳಿಕೊಂಡು ಬಂದ ಕತೆಯೊಂದಿದೆ. ಮನೆತನದ ಎರಡನೇ ತಲೆಮಾರಿನ ಮಾರ್ಕಸ್ ಲ್ಯೂಪೋಲ್ಡ್ ಒಮ್ಮೆ ಜಿಂಕೆ ಬೇಟೆಗೆ ಹೋಗಿದ್ದನಂತೆ. ಜಿಂಕೆ ಎದುರಿಗೇ ಸಿಕ್ಕಿತು. ರೈಫಲ್ ಎತ್ತಿ ಅದರ ಮೇಲೆ ಕೂರಿಸಿದ ಗುರಿ ಹಿಡಿಯುವ ದೂರದರ್ಶಕಕ್ಕೆ, ಅಂದರೆ ಸ್ಕೋಪಿಗೆ, ಕಣ್ಣಿಟ್ಟರೆ ಒಳಗೆಲ್ಲ ಮಂಜು ಕಟ್ಟಿ ಏನೂ ಕಾಣದು. ಜಿಂಕೆ ತಪ್ಪಿಸಿಕೊಂಡಿತು. ಇದಕ್ಕಿಂತ ಒಳ್ಳೆಯದನ್ನು ನಾನೇ ಮಾಡಬಲ್ಲೆ ಎಂದು ಬೈದುಕೊಂಡು ಮನೆಗೆ ಬಂದವನು ಮಾಡಿಯೂ ತೋರಿಸಿದ. 1947ರಲ್ಲಿ ಕಂಪನಿಯ ಮೊದಲ ಸ್ಕೋಪ್ ‘ಪ್ಲೇನ್ಸ್‌ಮನ್’ ಹೊರಬಂತು. ಕೊಳವೆಯೊಳಗಿನ ತೇವದ ಗಾಳಿಯನ್ನು ಹೊರದಬ್ಬಿ, ಒಣ ನೈಟ್ರೋಜನ್ ತುಂಬಿ, ಭದ್ರವಾಗಿ ಮುಚ್ಚಿಬಿಡುವ ವಿಧಾನವನ್ನು ಅಮೆರಿಕದ ಬೇಟೆ ಸ್ಕೋಪುಗಳಿಗೆ ತಂದವರಲ್ಲಿ ಇವರು ಮೊದಲಿಗರು.

ಕತೆಯಲ್ಲಿ ನಿಜವೆಷ್ಟು, ಜಾಹೀರಾತಿನವರು ಕೊಟ್ಟ ಒಪ್ಪವೆಷ್ಟು ಎಂಬ ವಿಚಾರಣೆ ಬೇಡ. ಸ್ವಾರಸ್ಯವಿರುವುದು ಬೇರೆ ಕಡೆ. ಒಂದು ಬ್ರ್ಯಾಂಡಿನ ಸ್ಥಳಪುರಾಣ ಇನ್ಯಾರದೋ ಮಾಲಿನ ನಿಂದೆಯಿಂದ ಶುರುವಾಗಿದೆ. ಸ್ಕೋಪಿನ ಲೋಕದಲ್ಲಿ ನಿಷ್ಠೆ ಮತ್ತು ನಿಂದೆ ಇವತ್ತಿಗೂ ಜೋಡೆತ್ತುಗಳೇ. 2022ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಅಮೆರಿಕದಲ್ಲಿ ಹದಿನಾರು ದಾಟಿದ ಬೇಟೆಗಾರರು 1 ಕೋಟಿ 44 ಲಕ್ಷ. ಅವರಲ್ಲಿ ಇಬ್ಬರನ್ನು ಒಂದೆಡೆ ಕೂರಿಸಿ ಯಾವ ಸ್ಕೋಪ್ ಒಳ್ಳೆಯದು ಎಂದು ಕೇಳಿ ನೋಡಿ. ಒಬ್ಬ ಲ್ಯೂಪೋಲ್ಡ್ ಎನ್ನುತ್ತಾನೆ, ಇನ್ನೊಬ್ಬ ವೋರ್ಟೆಕ್ಸ್ ಎನ್ನುತ್ತಾನೆ. ಮೂರನೆಯವ ಬಂದರೆ ಇಬ್ಬರನ್ನೂ ನೋಡಿ ನಕ್ಕು ನೈಟ್‌ಫೋರ್ಸ್ ಎಂದೋ ಸ್ವರೋವ್‌ಸ್ಕಿ ಎಂದೋ ಹೇಳುತ್ತಾನೆ. ಮೈಸೂರಿನ ಜಾವಾ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದರೂ ನಮ್ಮಲ್ಲಿ ಜಾವಾದವರಿಗೂ ಬುಲೆಟ್‌ನವರಿಗೂ ವಾದ ಮುಗಿದಿಲ್ಲವಲ್ಲ, ಅದೇ ಬಿಸಿ. ಆದರೆ ಬೈಕಿನ ವಾದದಲ್ಲಿ ಇಲ್ಲದ ಒಂದು ತೊಡಕು ಇಲ್ಲಿದೆ. ಬೈಕನ್ನು ದಿನಾ ಓಡಿಸುತ್ತೇವೆ, ಕೆಟ್ಟರೆ ಅವತ್ತೇ ಗೊತ್ತಾಗುತ್ತದೆ. ಸ್ಕೋಪ್ ಕೆಟ್ಟಿದೆಯೋ ಇಲ್ಲವೋ ಎನ್ನುವುದು ಅದರ ಒಡೆಯನಿಗೇ ತಿಳಿಯದೆ ಇರಬಹುದು.

ಯಾಕೆ ಎಂದು ತಿಳಿಯಲು ಒಳಗೆ ಇಣುಕಬೇಕು. ಹೊರಗಿನಿಂದ ಅದು ಎರಡು ತುದಿಗೂ ಗಾಜು ಕೂರಿಸಿದ ಕರಿ ಕೊಳವೆ. ಅಮೆರಿಕದ ಹಳೆಯ ಅಳತೆಯಲ್ಲಿ ಕೊಳವೆಯ ದಪ್ಪ ಒಂದು ಇಂಚು, ಯುರೋಪಿನ ಅಳತೆಯಲ್ಲಿ 30 ಮಿಲಿಮೀಟರ್. ಅದರೊಳಗೆ ಇನ್ನೊಂದು ಪುಟ್ಟ ಕೊಳವೆಯಿದೆ. ಮುಂದಿನ ಮಸೂರ ತಲೆಕೆಳಗಾಗಿ ಮೂಡಿಸುವ ಚಿತ್ರವನ್ನು ನೆಟ್ಟಗೆ ಮಾಡುವ ಮಸೂರಗಳು ಇರುವುದು ಇದರಲ್ಲಿ. ಈ ಒಳಗೊಳವೆಯ ಹಿಂಬದಿ ಒಂದು ಕೀಲಿನ ಮೇಲೆ ಕೂತಿರುತ್ತದೆ. ಮುಂಬದಿಯನ್ನು ಮೇಲಿನಿಂದ ಒಂದು, ಪಕ್ಕದಿಂದ ಒಂದು ತಿರುಪು ಒತ್ತಿಕೊಂಡಿರುತ್ತವೆ. ಎದುರು ಬದಿಯಿಂದ ಒಂದು ಸ್ಪ್ರಿಂಗು ಅದನ್ನು ಆ ತಿರುಪುಗಳಿಗೆ ಆನಿಸಿ ಹಿಡಿದಿರುತ್ತದೆ. ಅಷ್ಟೇ. ಸ್ಕೋಪಿನ ಮೇಲೆ ಕಾಣುವ ಎರಡು ಗುಬುಟುಗಳನ್ನು ತಿರುಗಿಸಿದಾಗ ಟಕ್ ಟಕ್ ಎನ್ನುವುದು ಆ ತಿರುಪುಗಳೇ.

ಬಹುಪಾಲು ಅಮೆರಿಕನ್ ಬೇಟೆ ಸ್ಕೋಪುಗಳಲ್ಲಿ ಒಂದು ಟಕ್ ಎಂದರೆ ನೂರು ಗಜ ದೂರದಲ್ಲಿ ಗುಂಡು ಬೀಳುವ ಜಾಗ ಕಾಲು ಇಂಚು, ಅಂದರೆ ಸುಮಾರು 6 ಮಿಲಿಮೀಟರ್ ಸರಿಯುತ್ತದೆ. ಹಾಗೆ ಸರಿಯಲು ಒಳಗೊಳವೆ ಅಲುಗುವುದು ಮಿಲಿಮೀಟರಿನ ನೂರನೇ ಒಂದು ಪಾಲಿನ ಆಸುಪಾಸು. ಲೆಕ್ಕವನ್ನು ತಿರುವಿ ಹಾಕಿದರೆ ಭಯವಾಗುತ್ತದೆ. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಆ ಒದೆತಕ್ಕೆ ಒಳಗೊಳವೆ ಸ್ಪ್ರಿಂಗನ್ನು ಅದುಮಿ ಸರಿದು, ಮೊದಲಿದ್ದ ಜಾಗಕ್ಕೆ ವಾಪಸು ಬಂದು ಕೂರಬೇಕು. ಒಂದು ದಪ್ಪ ತಲೆಗೂದಲಿನಷ್ಟು ಅಂತರ ಉಳಿದರೂ ನೂರು ಮೀಟರಿನಲ್ಲಿ ಗುಂಡು ಹತ್ತು ಸೆಂಟಿಮೀಟರ್ ಆಚೀಚೆ ಬೀಳುತ್ತದೆ, ಇನ್ನೂರು ಮೀಟರಿನಲ್ಲಿ ಇಪ್ಪತ್ತು. ಜಿಂಕೆಯ ಹೃದಯ ಶ್ವಾಸಕೋಶಗಳಿರುವ ಭಾಗ ಅಗಲದಲ್ಲಿ ಊಟದ ತಟ್ಟೆಗಿಂತ ದೊಡ್ಡದಲ್ಲ. ಎದೆಗೆ ಬೀಳಬೇಕಾದ ಈಡು ಹೊಟ್ಟೆಗೆ ಬಿದ್ದರೆ ಪ್ರಾಣಿ ತಕ್ಷಣ ಸಾಯದೆ ಪೊದೆ ಸೇರಿ ಗಂಟೆಗಟ್ಟಲೆ ನರಳುತ್ತದೆ. ಬೇಟೆಗಾರ ತನ್ನ ಕೈ ನಡುಗಿತು ಎಂದುಕೊಳ್ಳುತ್ತಾನೆ.

ಈಗ ಅಂಗಡಿಗೆ ಬನ್ನಿ. ಗಿರಾಕಿ ಸ್ಕೋಪನ್ನು ಕೈಗೆತ್ತಿಕೊಂಡು ಮಾಡುವುದೇನು? ಬಾಗಿಲ ಕಡೆ ತಿರುಗಿಸಿ ಕಣ್ಣಿಟ್ಟು ನೋಡುತ್ತಾನೆ. ಎದುರಿನ ಬೋರ್ಡಿನ ಅಕ್ಷರ ಎಷ್ಟು ಸ್ಪಷ್ಟ, ಅಂಚಿನಲ್ಲಿ ಬಣ್ಣ ಒಡೆಯುತ್ತದೆಯೋ ಇಲ್ಲವೋ, ಎಷ್ಟು ಬೆಳಕು. ಅಲ್ಲಿ ನಿಂತು ಪರೀಕ್ಷಿಸಲು ಸಾಧ್ಯವಿರುವುದು ಗಾಜೊಂದನ್ನೇ. ಸ್ಪ್ರಿಂಗು ಕಾಣುವುದಿಲ್ಲ. ಹಾಗಾಗಿ ಮಾತೆಲ್ಲ ಗಾಜಿನದು, ಹೊಗಳಿಕೆಯೂ ಅದರದೇ. ಕಾಡಿನಲ್ಲಿ ಕೈಕೊಡುವುದು ಮಾತ್ರ ಹೆಚ್ಚಾಗಿ ಒಳಗಿನ ಯಂತ್ರ. ಬ್ರ್ಯಾಂಡ್ ನಿಷ್ಠೆಯ ಬೇರು ಈ ಅಂತರದಲ್ಲಿದೆ ಎಂದು ನನಗನ್ನಿಸುತ್ತದೆ. ಅಳೆಯಲಾಗದ್ದನ್ನು ನಂಬಿಕೆಯಿಂದ ತುಂಬಿಕೊಳ್ಳಬೇಕು, ಆ ನಂಬಿಕೆಗೆ ಒಂದು ಹೆಸರು ಬೇಕು.

ಗಾಜಿನ ಮಾತು ಪೊಳ್ಳು ಎಂದಲ್ಲ. ಲೇಪನವಿಲ್ಲದ ಗಾಜಿನ ಪ್ರತಿ ಮೈಯೂ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ ನಾಲ್ಕು ಪಾಲನ್ನು ಹಿಂದಕ್ಕೆ ಅಟ್ಟುತ್ತದೆ. ಏಳು ಮಸೂರ, ಹದಿನಾಲ್ಕು ಮೈ ಎಂದಿಟ್ಟುಕೊಳ್ಳಿ. ಕೊನೆಗೆ ಕಣ್ಣಿಗೆ ಸಿಗುವುದು ನೂರಕ್ಕೆ 56. ಜರ್ಮನಿಯ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಮಸೂರಕ್ಕೆ ಅತಿ ತೆಳುವಾದ ಲೇಪನ ಹಚ್ಚಿ ಈ ನಷ್ಟ ತಗ್ಗಿಸುವ ದಾರಿ ಕಂಡುಹಿಡಿದ. ಅಲ್ಲಿಂದ ಬೆಳೆದ ಹಲವು ಪದರದ ಲೇಪನಗಳಿಂದ ಒಳ್ಳೆಯ ಸ್ಕೋಪುಗಳು ಈಗ ನೂರಕ್ಕೆ ತೊಂಬತ್ತರ ಮೇಲೆ ಬೆಳಕು ದಾಟಿಸುತ್ತವೆ. 56ರಿಂದ 90ಕ್ಕೆ ಏರಿದ್ದು ಕ್ರಾಂತಿ. ಆದರೆ ಇವತ್ತಿನ ಕ್ಯಾಟಲಾಗಿನಲ್ಲಿ 90ಕ್ಕೂ 92ಕ್ಕೂ ನಡೆಯುವ ಪೈಪೋಟಿ ನೋಡುವ ಕಣ್ಣಿಗೆ ಗೊತ್ತಾಗುವುದು ಕಷ್ಟ, ಬೆಲೆಚೀಟಿಯಲ್ಲಿ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಯುರೋಪಿನವರಿಗೂ ಅಮೆರಿಕದವರಿಗೂ ನಡೆಯುವ ವಾದವಂತೂ ಬ್ರ್ಯಾಂಡಿನ ವಾದವೇ ಅಲ್ಲ. ಜರ್ಮನಿಯಲ್ಲಿ ಕಾಡುಹಂದಿಯನ್ನು ಬೆಳದಿಂಗಳಲ್ಲಿ ಹೊಡೆಯುವ ರೂಢಿಯಿದೆ. ನಮ್ಮ ಮಲೆನಾಡಿನಲ್ಲಿ ಹಿಂದೆ ಮರಸು ಕೂರುತ್ತಿದ್ದರಲ್ಲ, ಹಾಗೆ ಹೊಲದಂಚಿನ ಅಟ್ಟಣೆ ಏರಿ ರಾತ್ರಿ ಕಾಯುತ್ತಾರೆ. ಎಂಟು ಪಟ್ಟು ಹಿಗ್ಗಿಸುವ, 56 ಮಿಲಿಮೀಟರ್ ಮುಂಗಾಜಿನ ಭಾರೀ ಸ್ಕೋಪುಗಳು ಹುಟ್ಟಿದ್ದು ಈ ಕೆಲಸಕ್ಕೆ. 56ನ್ನು ಎಂಟರಿಂದ ಭಾಗಿಸಿದರೆ ಏಳು. ಸ್ಕೋಪಿನಿಂದ ಹೊರಬರುವ ಬೆಳಕಿನ ಕಂತೆಯ ದಪ್ಪ ಅಷ್ಟು ಮಿಲಿಮೀಟರ್, ಕತ್ತಲಲ್ಲಿ ಹರೆಯದವನ ಕಣ್ಣಿನ ಪಾಪೆ ಅರಳುವುದೂ ಹೆಚ್ಚುಕಡಿಮೆ ಅಷ್ಟೇ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಸೂರ್ಯೋದಯದ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಮಾತ್ರ ಅವಕಾಶ. ಅಲ್ಲಿ ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸುವ, 40 ಮಿಲಿಮೀಟರ್ ಮುಂಗಾಜಿನ ಹಗುರ ಸ್ಕೋಪ್ ಧಾರಾಳವಾಗಿ ಸಾಕು, ಗುಡ್ಡ ಹತ್ತುವವನ ಹೆಗಲಿಗೂ ಸುಖ. ಮೊಂಟಾನಾದ ಗುಡ್ಡದಲ್ಲಿ ನಿಂತವನು ಜರ್ಮನ್ ಸ್ಕೋಪನ್ನು ಕೊಡಪಾನ ಎಂದು ಆಡಿಕೊಂಡರೆ, ಬವೇರಿಯದ ಅಟ್ಟಣೆಯ ಮೇಲಿನವನು ಅಮೆರಿಕದ ಸ್ಕೋಪಿನಲ್ಲಿ ಕತ್ತಲೆ ಬಿಟ್ಟು ಬೇರೇನೂ ಕಾಣದು ಎಂದರೆ, ಇಬ್ಬರೂ ಹೇಳುತ್ತಿರುವುದು ತಮ್ಮ ತಮ್ಮ ಊರಿನ ಕಾನೂನನ್ನು.

ನಮಗೆ ಈ ಜಗಳ ಕೈಗೆಟುಕುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಮ್ಮಲ್ಲಿ ಪುಸ್ತಕದ ವಿಷಯ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ನರಭಕ್ಷಕಗಳ ಹಿಂದೆ ಹೋದದ್ದು .405 ವಿಂಚೆಸ್ಟರ್ ಹಿಡಿದು, ಸ್ಕೋಪ್ ಇಲ್ಲದೆ. ಕೊಡಗಿನಲ್ಲಿ ಕೋವಿಗೆ ಲೈಸೆನ್ಸಿನ ವಿನಾಯಿತಿ 2029ರವರೆಗೆ ಮುಂದುವರಿದಿದೆ, ಕೈಲ್ ಮುಹೂರ್ತದ ಹಬ್ಬದಲ್ಲಿ ಅದಕ್ಕೆ ಪೂಜೆಯೂ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯವೂ ನಡೆಯುತ್ತವೆ. ಆ ಅಭಿಮಾನವೆಲ್ಲ ಕೋವಿಗೆ ಸಲ್ಲುವಂಥದ್ದು, ಸ್ಕೋಪಿಗಲ್ಲ.

ಸ್ಕೋಪಿನ ಅಭಿಮಾನ ನೋಡಬೇಕಾದರೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯಕ್ಕೆ ಹೋಗೋಣ. ಅಲ್ಲಿ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಬಂದೂಕಿನ ಜಿಂಕೆ ಬೇಟೆ ಶುರುವಾಗಿ ಒಂಬತ್ತು ದಿನ ನಡೆಯುತ್ತದೆ. ಐದು ಲಕ್ಷಕ್ಕೂ ಹೆಚ್ಚು ಮಂದಿ ಲೈಸೆನ್ಸ್ ಪಡೆದು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಕಾಡು ಹೊಗುತ್ತಾರೆ. ಅಪ್ಪನ ಜಾಗದಲ್ಲಿ ಮಗ ಕೂರುತ್ತಾನೆ, ಅಜ್ಜನ ರೈಫಲ್ ಮೊಮ್ಮಗಳ ಕೈಗೆ ಬರುತ್ತದೆ. ರೈಫಲ್ ಜೊತೆ ಅದರ ಮೇಲಿನ ಸ್ಕೋಪೂ, ಸ್ಕೋಪಿನ ಜೊತೆ ಅದರ ಮೇಲಿನ ಅಭಿಪ್ರಾಯವೂ ಬರುತ್ತವೆ. ನಮ್ಮ ಮನೆಯಲ್ಲಿ ಇದನ್ನೇ ಇಡುವುದು ಎಂಬ ಮಾತಿಗೆ ಎದುರು ಮಾತಿಲ್ಲ. ನಿಷ್ಠೆ ಇಟ್ಟ ಹೆಸರು ಉಳಿದು ಕಂಪನಿಯೇ ಹೋಗಿಬಿಡುವುದೂ ಉಂಟು. ಕೊಲರಾಡೋದ ರೆಡ್‌ಫೀಲ್ಡ್ ಒಂದು ಕಾಲದ ದೊಡ್ಡ ಹೆಸರು. 1998ರಲ್ಲಿ ಡೆನ್ವರಿನ ಕಾರ್ಖಾನೆ ಮುಚ್ಚಿತು, 2008ರಲ್ಲಿ ಆ ಹೆಸರನ್ನು ಕೊಂಡದ್ದು ಹಳೆಯ ಎದುರಾಳಿ ಲ್ಯೂಪೋಲ್ಡ್.

ಈ ವಿಸ್ಕಾನ್ಸಿನ್ನಿನದೇ ಕಂಪನಿ ವೋರ್ಟೆಕ್ಸ್. ಲ್ಯೂಪೋಲ್ಡಿಗೆ ಹೋಲಿಸಿದರೆ ನಿನ್ನೆ ಮೊನ್ನೆಯದು. ಅದು ಹೆಸರು ಮಾಡಿದ್ದು ಗಾಜಿಗಿಂತ ಹೆಚ್ಚಾಗಿ ಗ್ಯಾರಂಟಿಯಿಂದ. ರಸೀದಿ ಬೇಡ, ಮೊದಲು ಕೊಂಡವರು ನೀವೇನಾ ಎಂಬ ಪ್ರಶ್ನೆಯಿಲ್ಲ. ಕಳವಾಗಿರಬಾರದು, ಬೇಕೆಂದೇ ಒಡೆದಿರಬಾರದು. ಉಳಿದಂತೆ ಜೀಪು ಹತ್ತಿಸಿಕೊಂಡಿದ್ದರೂ ಕಳಿಸಿ, ರಿಪೇರಿ ಮಾಡುತ್ತೇವೆ ಇಲ್ಲವೇ ಬದಲಿ ಕೊಡುತ್ತೇವೆ. ಲ್ಯೂಪೋಲ್ಡಿಗೂ ಅಂಥದೇ ಜೀವಮಾನದ ಗ್ಯಾರಂಟಿಯಿದೆ, ಆದರೆ ಅದನ್ನೇ ಧ್ವಜ ಮಾಡಿಕೊಂಡವರು ವೋರ್ಟೆಕ್ಸ್‌ನವರು.

ಇಲ್ಲೊಂದು ತಮಾಷೆಯಿದೆ. ಆ ಕಂಪನಿಯ ಸೇವೆ ಎಷ್ಟು ಚಂದ ಎಂದು ಬಾಯ್ತುಂಬ ಹೊಗಳುವವರು ಯಾರು? ಸ್ಕೋಪ್ ಕೆಟ್ಟು ಅದನ್ನು ವಾಪಸು ಕಳಿಸಿದವರು. ಕೆಡದೇ ಇದ್ದವರಿಗೆ ಸೇವೆಯ ರುಚಿಯೇ ಗೊತ್ತಿಲ್ಲ. ವೋರ್ಟೆಕ್ಸ್ ಟೀಕಾಕಾರರು ಚುಚ್ಚುವುದು ಇಲ್ಲೇ: ನವೆಂಬರಿನ ಶನಿವಾರ ಬೆಳಗಿನ ಜಾವ ಆರೂವರೆಗೆ, ಜಿಂಕೆ ಎದುರಿಗೆ ನಿಂತಾಗ, ಗ್ಯಾರಂಟಿ ಕಾರ್ಡನ್ನು ನಳಿಗೆಗೆ ತುಂಬಲಾಗುವುದಿಲ್ಲ. ಮಾತು ಚುರುಕಾಗಿದೆ, ಆದರೆ ಪೂರ್ತಿ ನ್ಯಾಯದ್ದಲ್ಲ. ಮಾರಿದ್ದು ಹೆಚ್ಚಾದರೆ ಕೆಟ್ಟದ್ದೂ ಎಣಿಕೆಯಲ್ಲಿ ಹೆಚ್ಚುತ್ತದೆ. ಮಾರಿದ ನೂರರಲ್ಲಿ ರಿಪೇರಿಗೆ ಬಂದದ್ದೆಷ್ಟು ಎಂಬ ಒಂದೇ ಅಂಕಿ ಸಿಕ್ಕರೆ ಅರ್ಧ ಜಗಳ ಮುಗಿಯುತ್ತಿತ್ತು. ಕ್ಯಾಟಲಾಗುಗಳಲ್ಲಿ ತೂಕ, ಉದ್ದ, ಬೆಳಕು ಎಲ್ಲವೂ ಇವೆ, ಆ ಅಂಕಿ ಕಾಣುವುದಿಲ್ಲ.

ಒಂದೇ ಹೆಸರಿನಡಿ ಹಲವು ಮಾಲು ಇರುವುದು ಇನ್ನೊಂದು ಗೋಜಲು. ವೋರ್ಟೆಕ್ಸ್‌ನ ಕಡಿಮೆ ಬೆಲೆಯ ಸ್ಕೋಪುಗಳು ಚೀನಾದಲ್ಲಿ ತಯಾರಾಗುತ್ತವೆ, ಮಧ್ಯಮದವು ಫಿಲಿಪೀನ್ಸ್‌ನಲ್ಲಿ, ಮೇಲಿನ ದರ್ಜೆಯವು ಜಪಾನಿನಲ್ಲಿ, ಕೆಲವು ಅಮೆರಿಕದಲ್ಲೇ. ಇನ್ನೂರು ಡಾಲರಿನದನ್ನು ಕೊಂಡು ಬೈದವನೂ ಎರಡು ಸಾವಿರದ್ದನ್ನು ಕೊಂಡು ಹೊಗಳಿದವನೂ ಒಂದೇ ಹೆಸರು ಹೇಳುತ್ತಾರೆ. 2022ರ ಜನವರಿಯಲ್ಲಿ ಅಮೆರಿಕದ ಸೇನೆ ತನ್ನ ಹೊಸ ರೈಫಲಿನ ಗುರಿಸಾಧನಕ್ಕೆ ವೋರ್ಟೆಕ್ಸನ್ನು ಆರಿಸಿತು. ಹತ್ತು ವರ್ಷದಲ್ಲಿ ಎರಡೂವರೆ ಲಕ್ಷದವರೆಗೆ ಸಾಧನಗಳು, 270 ಕೋಟಿ ಡಾಲರಿನವರೆಗಿನ ಗುತ್ತಿಗೆ. ಮರುದಿನದಿಂದ ಚೀನಾದ ಇನ್ನೂರು ಡಾಲರ್ ಸ್ಕೋಪಿನ ಒಡೆಯನ ಎದೆಯೂ ಎರಡು ಇಂಚು ಉಬ್ಬಿತು! ಆ ಸಾಧನಕ್ಕೂ ಇವನ ಸ್ಕೋಪಿಗೂ ಹೆಸರಿನ ಹೊರತು ಹೆಚ್ಚಿನ ನಂಟಿಲ್ಲ. ಇತ್ತ ಜಪಾನಿನ ನಗಾನೋ ಪ್ರಾಂತದ ಲೈಟ್ ಆಪ್ಟಿಕಲ್ ವರ್ಕ್ಸ್ ಎಂಬ ಕಾರ್ಖಾನೆ ಹಲವು ಬ್ರ್ಯಾಂಡುಗಳಿಗೆ ಸ್ಕೋಪ್ ಮಾಡಿಕೊಡುತ್ತದೆ. ಅಭಿಮಾನಿಗಳು ಹೊರಗೆ ಹೊಡೆದಾಡುತ್ತಿರುವಾಗ ಒಳಗೆ ಎರಡು ಬ್ರ್ಯಾಂಡುಗಳು ಒಂದೇ ಸೂರಿನಡಿ ಪ್ಯಾಕಾಗುತ್ತಿರಬಹುದು. ಅಮೆರಿಕದ್ದೇ ಬೇಕು ಎನ್ನುವವರ ನೆಚ್ಚಿನ ಲ್ಯೂಪೋಲ್ಡ್ ಕೂಡ ಸ್ಕೋಪಿನ ವಿನ್ಯಾಸ, ಲೋಹದ ಕೆತ್ತನೆ, ಜೋಡಣೆ ಅಮೆರಿಕದಲ್ಲಿ ಎಂದು ಅಳೆದು ತೂಗಿ ಹೇಳಿಕೊಳ್ಳುತ್ತದೆ. ಆ ಪಟ್ಟಿಯಲ್ಲಿ ಗಾಜಿನ ಹೆಸರಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ನಿಷ್ಠೆ ಸಡಿಲಾಗುವುದಿಲ್ಲ ಏಕೆ? ಜ್ಯಾಕ್ ಬ್ರೆಹ್ಮ್ ಎಂಬ ಮನಶ್ಶಾಸ್ತ್ರಜ್ಞ 1956ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಮಹಿಳೆಯರಿಗೆ ಒಂದಷ್ಟು ಮನೆಬಳಕೆಯ ವಸ್ತುಗಳನ್ನು ತೋರಿಸಿ ಅಂಕ ಕೊಡಿ ಎಂದ. ಆಮೇಲೆ ಎರಡನ್ನು ಮುಂದಿಟ್ಟು, ಒಂದನ್ನು ಆರಿಸಿಕೊಳ್ಳಿ, ಅದು ನಿಮ್ಮದು ಎಂದ. ಆರಿಸಿಕೊಂಡ ಮೇಲೆ ಮತ್ತೆ ಅಂಕ ಕೇಳಿದರೆ ತಮ್ಮದಾದ ವಸ್ತುವಿನ ಅಂಕ ಏರಿತ್ತು, ಬಿಟ್ಟದ್ದರ ಅಂಕ ಇಳಿದಿತ್ತು. ವಸ್ತು ಬದಲಾಗಿರಲಿಲ್ಲ. ಪುಕ್ಕಟೆ ಸಿಕ್ಕಿದ್ದಕ್ಕೇ ಹೀಗಾದರೆ, ಹೆಂಡತಿಗೆ ಅರ್ಧ ಬೆಲೆ ಹೇಳಿ ಮೂರು ಸಾವಿರ ಡಾಲರಿನ ಆಸ್ಟ್ರಿಯನ್ ಸ್ಕೋಪ್ ಮನೆಗೆ ತಂದವನ ಪಾಡೇನು? 2001ರಲ್ಲಿ ಮುನಿಜ್ ಮತ್ತು ಓಗಿನ್ ಎಂಬ ವಿದ್ವಾಂಸರು ಬ್ರ್ಯಾಂಡ್ ಅಭಿಮಾನಿಗಳ ಗುಂಪುಗಳನ್ನು ಅಧ್ಯಯನ ಮಾಡಿ ಇನ್ನೊಂದು ಅಂಶ ಗುರುತಿಸಿದರು. ನಾವು ಯಾರು ಎನ್ನುವುದು ಬಹುಮಟ್ಟಿಗೆ ನಾವು ಯಾರಲ್ಲ ಎಂಬುದರಿಂದ ನಿರ್ಧಾರವಾಗುತ್ತದೆ. ಎದುರು ಪಕ್ಷವಿಲ್ಲದೆ ಅಭಿಮಾನಿ ಸಂಘ ನಿಲ್ಲದು ಎಂಬುದನ್ನು ಗಾಂಧಿನಗರದ ಕಟೌಟುಗಳ ಕೆಳಗೆ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಟೀಕೆಯ ಗುಣ. ನಿಷ್ಠೆ ಕುರುಡಾದರೆ ಟೀಕೆಯೂ ಅಷ್ಟೇ ಕುರುಡು. ಸ್ಕೋಪ್ ಕೆಟ್ಟಿದೆ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಸ್ಕೋಪನ್ನು ರೈಫಲಿಗೆ ಬಂಧಿಸುವ ರಿಂಗುಗಳು. ಅದರ ಸಣ್ಣ ತಿರುಪುಗಳನ್ನು ಇಷ್ಟೇ ಬಲದಲ್ಲಿ ಬಿಗಿಯಬೇಕು ಎಂಬ ಲೆಕ್ಕವಿದೆ, ಅದಕ್ಕೆ ಅಳತೆಯ ಪಾನಾ ಇದೆ. ಅಡುಗೆಮನೆಯ ಮೇಜಿನ ಮೇಲೆ ಅಂದಾಜಿನಲ್ಲಿ ಬಿಗಿದವನ ಸ್ಕೋಪ್ ಪ್ರತಿ ಈಡಿಗೂ ಕೂದಲೆಳೆಯಷ್ಟು ಜಾರುತ್ತದೆ. ಅತಿಯಾಗಿ ಬಿಗಿದರೆ ಕೊಳವೆಯೇ ನಜ್ಜಾಗಿ ಒಳಗಿನದು ಸಿಕ್ಕಿಕೊಳ್ಳುತ್ತದೆ. ಕಣ್ಣನ್ನು ತೀರಾ ಹತ್ತಿರ ಇಟ್ಟು ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ ಮಾಡಿಕೊಂಡವರೂ ಬೈಯುವುದು ಸ್ಕೋಪನ್ನೇ.

ಇದಕ್ಕಿಂತ ಸೂಕ್ಷ್ಮವಾದದ್ದು ಮೂರು ಗುಂಡಿನ ತೀರ್ಪು. ಬೇಟೆಗಾರ ಬೇಟೆಯ ಕಾಲಕ್ಕೆ ಮುಂಚೆ ಕಾಗದದ ಗುರಿಗೆ ಮೂರು ಗುಂಡು ಹೊಡೆದು, ಮೂರರ ನಡುಬಿಂದು ನೋಡಿ ಗುರಿ ಕೂರಿಸುತ್ತಾನೆ. ಎರಡು ವಾರ ಬಿಟ್ಟು ಮತ್ತೆ ಮೂರು ಹೊಡೆದರೆ ನಡುಬಿಂದು ಒಂದು ಇಂಚು ಸರಿದಿರುತ್ತದೆ. ಸ್ಕೋಪ್ ಗುರಿ ಬಿಟ್ಟಿತು ಎಂದು ಕೂಗೆದ್ದಿತು. ನೂರು ಗಜದಲ್ಲಿ ಎರಡು ಇಂಚು ಹರಡಿ ಹೊಡೆಯುವ ಸಾಮಾನ್ಯ ರೈಫಲಿನಲ್ಲಿ ಮೂರು ಗುಂಡಿನ ನಡುಬಿಂದು ತಂತಾನೇ ಅಷ್ಟು ಓಡಾಡಬಹುದು, ಸ್ಕೋಪಿನ ತಪ್ಪು ಏನೂ ಇಲ್ಲದೆ. ಹತ್ತು ಹದಿನೈದು ಗುಂಡು ಹೊಡೆದರೆ ಸತ್ಯ ಹೊರಬಂದೀತು. ಆದರೆ ತೋಟಾದ ಪೆಟ್ಟಿಗೆಯಲ್ಲಿರುವುದೇ ಇಪ್ಪತ್ತು, ಎಷ್ಟೋ ಮಂದಿಗೆ ವರ್ಷವಿಡೀ ಅದೊಂದೇ ಪೆಟ್ಟಿಗೆ.

ಹಾಗೆಂದು ಟೀಕೆಯನ್ನೆಲ್ಲ ಹೀಗೆ ತಳ್ಳಿಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಈಓಟೆಕ್ ಪ್ರಕರಣ ನೋಡಬೇಕು. ಅದು ದೂರದರ್ಶಕ ಸ್ಕೋಪಲ್ಲ, ಗಾಜಿನ ಮೇಲೆ ಕೆಂಪು ವೃತ್ತ ತೋರಿಸುವ ಹಾಲೋಗ್ರಫಿ ಸಾಧನ. ಅಮೆರಿಕದ ಸೈನಿಕರು, ಪೊಲೀಸರು ಬಳಸುತ್ತಿದ್ದರು, ಬೇಟೆಗಾರರೂ ಮೆಚ್ಚಿದ್ದರು. ಸೈನಿಕರೇ ಬಳಸುತ್ತಾರೆ ಎಂಬುದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಆ ಪೇಟೆಯಲ್ಲಿಲ್ಲ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಿಂದ 60 ಡಿಗ್ರಿ ಸೆಲ್ಸಿಯಸ್ ಬಿಸಿಲವರೆಗೆ ಕೆಲಸ ಮಾಡುತ್ತದೆ ಎಂದು ಕಂಪನಿ ಹೇಳಿಕೊಂಡಿತ್ತು. ನಿಜದಲ್ಲಿ ಚಳಿಗೂ ಸೆಕೆಗೂ ಗುರಿಯ ಬಿಂದು ಜಾರುತ್ತಿತ್ತು. ಈ ದೋಷ ಕಂಪನಿಗೆ ವರ್ಷಗಳ ಹಿಂದೆಯೇ ಗೊತ್ತಿತ್ತು, ಮುಚ್ಚಿಟ್ಟು ಮಾರುತ್ತಿತ್ತು ಎಂದು ಸರ್ಕಾರ ಮೊಕದ್ದಮೆ ಹೂಡಿತು. 2015ರಲ್ಲಿ ಎಫ್‌ಬಿಐ ತಾನೇ ಪರೀಕ್ಷೆ ಮಾಡಿ ಫಲಿತಾಂಶ ಎದುರಿಗಿಟ್ಟ ಮೇಲೆ ಕಂಪನಿ ಬಾಯಿ ಬಿಟ್ಟಿತು. ಅದೇ ನವೆಂಬರಿನಲ್ಲಿ ಮಾತೃಸಂಸ್ಥೆ ಎಲ್-3 ಎರಡು ಕೋಟಿ 56 ಲಕ್ಷ ಡಾಲರ್ ಕಟ್ಟಿ ಮೊಕದ್ದಮೆ ಮುಗಿಸಿಕೊಂಡಿತು, ಗಿರಾಕಿಗಳಿಗೆ ಹಣ ವಾಪಸು ಕೊಡಲು ಒಪ್ಪಿತು. ಅಷ್ಟು ವರ್ಷ ಅದನ್ನು ಬಳಸಿದ ಸಾವಿರಾರು ಮಂದಿಯಲ್ಲಿ ಹೆಚ್ಚಿನವರಿಗೆ ಯಾವ ದೋಷವೂ ಕಂಡಿರಲಿಲ್ಲ. ನನ್ನದು ಸರಿಯಾಗಿದೆ ಎಂಬ ಅವರ ಸಾಕ್ಷಿ ಪ್ರಾಮಾಣಿಕವಾದದ್ದೇ. ಚಳಿಯಲ್ಲೊಮ್ಮೆ, ಸೆಕೆಯಲ್ಲೊಮ್ಮೆ ಅಳೆದು ನೋಡಿರಲಿಲ್ಲ, ಅಷ್ಟೇ ಅದರ ಕೊರತೆ.

ಅಳೆದು ನೋಡುವವರ ಸಣ್ಣ ಪಂಗಡವೊಂದು ಈಗ ಬೆಳೆಯುತ್ತಿದೆ. ಅವರದು ಸರಳ ವಿಧಾನ. ಎತ್ತರದ ಕಾಗದವೊಂದರ ಮೇಲೆ ತೂಗುಗುಂಡು ಇಳಿಬಿಟ್ಟು ನೇರ ಗೆರೆ ಎಳೆಯುತ್ತಾರೆ. ಕೆಳಗಿನ ಚುಕ್ಕೆಗೆ ಗುರಿಯಿಟ್ಟು ಹೊಡೆಯುತ್ತಾರೆ. ಆಮೇಲೆ ಗುಬುಟನ್ನು ಮೂವತ್ತು ಇಂಚಿಗೆ ಸಾಕಾಗುವಷ್ಟು ತಿರುಗಿಸಿ, ಅದೇ ಚುಕ್ಕೆಗೆ ಗುರಿಯಿಟ್ಟು ಮತ್ತೆ ಹೊಡೆದು, ಗುಂಡು ನಿಜಕ್ಕೂ ಮೂವತ್ತು ಇಂಚು ಮೇಲೆ, ಗೆರೆಯ ಮೇಲೇ ಬಿತ್ತೇ ಎಂದು ಟೇಪು ಹಿಡಿಯುತ್ತಾರೆ. ಗುಬುಟನ್ನು ಹಿಂದಕ್ಕೆ ತಿರುಗಿಸಿ, ಮೊದಲ ರಂಧ್ರದ ಪಕ್ಕಕ್ಕೇ ವಾಪಸು ಬರುತ್ತದೆಯೇ ನೋಡುತ್ತಾರೆ. ಕೆಲವರು ಇನ್ನೂ ಕಲ್ಲೆದೆಯವರು. ಸೊಂಟದೆತ್ತರದಿಂದ ರೈಫಲನ್ನು ಚಾಪೆಯ ಮೇಲೆ ಬೇಕೆಂದೇ ಕೆಡವಿ, ಎತ್ತಿ, ಮತ್ತೆ ಹೊಡೆದು ನೋಡುತ್ತಾರೆ. ಇಂಥ ಪರೀಕ್ಷೆಯಲ್ಲಿ ಭಾರೀ ಬೆಲೆಯ, ಕನ್ನಡಿಯಂಥ ಗಾಜಿನ ಸ್ಕೋಪ್ ಗುರಿ ಬಿಟ್ಟುಕೊಡುವುದುಂಟು, ಹೆಸರಿಲ್ಲದ್ದು ಗಟ್ಟಿಯಾಗಿ ಕೂರುವುದೂ ಉಂಟು. ಹಾಗಾದಾಗ ಸೋತ ಬ್ರ್ಯಾಂಡಿನ ಅಭಿಮಾನಿಗಳಿಂದ ಬರುವ ಮೊದಲ ಪ್ರಶ್ನೆ ಒಂದೇ: ರಿಂಗಿನ ತಿರುಪುಗಳನ್ನು ನೀವು ಸರಿಯಾಗಿ ಬಿಗಿದಿದ್ದಿರಾ?